ಚಿತ್ತೆ ಮಳೆ ಕಳೆದ ಮೇಲಿನ ಹಸಿರು

ಅಕ್ಟೋಬರಿನಲ್ಲಿ ಕ್ಯಾಮೆರಾ ಹೆಗಲಿಗೇರಿಸಿ ಮಲೆನಾಡಿನ ಸಾಗರದ ಕಡೆ ಹೊರಡುವವರ ತಲೆಯಲ್ಲಿ ಒಂದು ಕಾಡು ಮೊದಲೇ ಬೆಳೆದಿರುತ್ತದೆ. ಕೆಂಪು, ಕಿತ್ತಳೆ, ಹಳದಿ ಎಲೆಗಳ ಕಾಡು. ವರ್ಮಾಂಟಿನ ಮೇಪಲ್ ಗುಡ್ಡವೋ, ಕಾಶ್ಮೀರದ ಚಿನಾರ್ ಸಾಲೋ, ಕ್ಯೋಟೋದ ಯಾವುದೋ ಗುಡಿಯ ಅಂಗಳವೋ ಕ್ಯಾಲೆಂಡರಿನಿಂದಲೋ ಕಂಪ್ಯೂಟರ್ ಪರದೆಯಿಂದಲೋ ಇಳಿದು ಬಂದು ಅಲ್ಲಿ ಬೇರು ಬಿಟ್ಟಿರುತ್ತದೆ. ಹಾಗೆ ಬಂದವರು ಸಾಗರದಲ್ಲಿ ಬೆಳಗಿನ ರೈಲು ಇಳಿದು ಸುತ್ತ ನೋಡಿದರೆ ಕಾಣುವುದು ಹಸಿರು. ಗದ್ದೆ ಹಸಿರು, ತೋಟ ಹಸಿರು, ಕಾಂಪೌಂಡ್ ಗೋಡೆಯ ಪಾಚಿಯೂ ಹಸಿರು. ನನ್ನ ಜೊತೆ ಬೆಂಗಳೂರಿನಿಂದ ಬಂದಿದ್ದ ಹುಡುಗನ ಮುಖ ಸಣ್ಣದಾಯಿತು. ಹೊಸ ಮಿರರ್‌ಲೆಸ್ ಕ್ಯಾಮೆರಾ ಕೊಂಡಿದ್ದ. ಲ್ಯಾಪ್‌ಟಾಪಿನಲ್ಲಿ ‘ಆಟಮ್’ ಎಂಬ ಹೆಸರಿನ ಪ್ರಿಸೆಟ್‌ಗಳ ಕಟ್ಟನ್ನೂ ತುಂಬಿಸಿಕೊಂಡಿದ್ದ.

ಇಲ್ಲಿನವರು ಈ ಕಾಲವನ್ನು ಎಲೆಯ ಬಣ್ಣದಿಂದ ಗುರುತಿಸುವುದಿಲ್ಲ, ಮಳೆಯ ಹೆಸರಿನಿಂದ ಗುರುತಿಸುತ್ತಾರೆ. ಹಸ್ತ ಮುಗಿದು ಚಿತ್ತೆ, ಚಿತ್ತೆ ಕಳೆದು ಸ್ವಾತಿ. ಬೆಳಿಗ್ಗೆ ಮಂಜು, ಮಧ್ಯಾಹ್ನ ಸುಡುಬಿಸಿಲು, ಸಂಜೆಗೆ ಗುಡುಗಿ ಒಂದು ಜಡಿ. ನಾಲ್ಕು ತಿಂಗಳು ನೀರು ಕುಡಿದ ಮರಗಳಿಗೆ ಎಲೆ ಉದುರಿಸುವ ದರ್ದು ಈಗ ಏನಿದೆ? ಮತ್ತಿ, ನಂದಿ, ಹೊನ್ನೆಯಂಥ ಎಲೆ ಉದುರಿಸುವ ಜಾತಿಗಳು ಬರಿದಾಗಲು ಚಳಿ ಕಳೆದು ನೆಲ ಒಣಗಬೇಕು. ಕಾನು ಎಂಬ ನಿತ್ಯಹಸಿರು ಕಾಡಿನೊಳಗಿನ ಧೂಪ, ಹೈಗ, ನಾಗಸಂಪಿಗೆಗಳಂತೂ ಒಟ್ಟಿಗೆ ಬರಿದಾಗುವುದೇ ಇಲ್ಲ.

ಮಲೆನಾಡಿನ ಕಾಡಿಗೆ ಕೆಂಪು ಇಲ್ಲವೆಂದಲ್ಲ. ಅದು ಬರುವುದು ಫೆಬ್ರವರಿ, ಮಾರ್ಚಿನಲ್ಲಿ, ಚಿಗುರಿನ ಜೊತೆ. ಸಾಗಡೆ ಮರ ಮೈತುಂಬ ರಕ್ತಗೆಂಪು ತಳಿರು ಹೊತ್ತು ನಿಲ್ಲುವುದನ್ನು ನೋಡಿದವರು ಮೇಪಲ್ಲಿಗೆ ಆಸೆಪಡಲಾರರು. ನಾಗಸಂಪಿಗೆಯ ಎಳೆ ಎಲೆಯೂ ಕೆಂಪೇ. ಉತ್ತರದ ದೇಶಗಳಲ್ಲಿ ಎಲೆ ಸಾಯುವ ಮುಂಚೆ ಪತ್ರಹರಿತ್ತು ಕರಗುತ್ತದೆ, ಅಡಗಿದ್ದ ಹಳದಿ ಹೊರಬರುತ್ತದೆ, ಆಂಥೋಸಯಾನಿನ್ ಎಂಬ ವರ್ಣದ್ರವ್ಯ ಹೊಸದಾಗಿ ಹುಟ್ಟಿ ಕೆಂಪೇರಿಸುತ್ತದೆ. ನಮ್ಮಲ್ಲಿ ಅದೇ ಆಂಥೋಸಯಾನಿನ್ ಎಳೆ ಎಲೆಯಲ್ಲಿ ಮೊದಲು ಬಂದು, ಹಸಿರು ಆಮೇಲೆ ತುಂಬುತ್ತದೆ. ಅಲ್ಲಿ ಮುಪ್ಪಿನ ಬಣ್ಣ, ಇಲ್ಲಿ ಬಾಣಂತನದ ಬಣ್ಣ. ಇಷ್ಟು ತಿಳಿಯದೆ ತೆಗೆದ ಮಲೆನಾಡಿನ ‘ಶರತ್ಕಾಲ’ದ ಚಿತ್ರಗಳೆಲ್ಲ ನನಗೆ ವೇಷ ಹಾಕಿ ನಿಲ್ಲಿಸಿದ ಕಾಡಿನ ಫೋಟೋಗಳಾಗಿ ಕಾಣುತ್ತವೆ.

ಮೊದಲ ಬೆಳಿಗ್ಗೆ ಶರಾವತಿ ಹಿನ್ನೀರಿನ ದಡದ ಹೊಳೆಬಾಗಿಲಿಗೆ ಹೋದೆವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಶರಾವತಿಯನ್ನು ತಡೆದ ಮೇಲೆ ದ್ವೀಪದಂತಾದ ತುಮರಿ, ಸಿಗಂದೂರಿನ ಕಡೆಗೆ ದಶಕಗಳ ಕಾಲ ಲಾಂಚೇ ಗತಿಯಾಗಿತ್ತು. 2025ರ ಜುಲೈಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಕೇಬಲ್ ಸೇತುವೆ ಸಂಚಾರಕ್ಕೆ ತೆರೆದುಕೊಂಡಿತು. ಈಗ ಬರುವ ಫೋಟೋಗ್ರಾಫರುಗಳೆಲ್ಲ ಆ ಕೇಬಲ್‌ಗಳನ್ನೇ ತೆಗೆಯುತ್ತಾರೆ. ತಪ್ಪೇನಲ್ಲ, ನೋಡಲು ಚೆನ್ನಾಗಿಯೇ ಇದೆ. ಆದರೆ ಸೂರ್ಯ ಏಳುವ ಮುಂಚೆ ಸೇತುವೆಗೆ ಬೆನ್ನು ಹಾಕಿ ನಿಂತರೆ, ತುಂಬಿದ ಹಿನ್ನೀರಿನ ಮೇಲೆ ಮಂಜು ಎದ್ದು ಆಚೆ ದಡದ ಕಾಡನ್ನು ಪದರ ಪದರವಾಗಿ ಬಿಡಿಸಿಡುವುದು ಕಾಣುತ್ತದೆ. ಬೇಸಿಗೆಯಲ್ಲಿ ಇದೇ ಜಾಗದಲ್ಲಿ ನೀರಿಳಿದು, ಮುಳುಗಿಸಿಟ್ಟ ಮರಗಳ ಕಪ್ಪು ಬೊಡ್ಡೆಗಳು ಎದ್ದು ನಿಲ್ಲುತ್ತವೆ. ಅಕ್ಟೋಬರಿನಲ್ಲಿ ಅವೆಲ್ಲ ಅಡಿಯಲ್ಲಿ. ಚೌಕಟ್ಟಿನ ಕೆಳಗಿನ ಅರ್ಧವನ್ನು ನೀರೇ ಗುಡಿಸಿ ಕೊಟ್ಟಿರುತ್ತದೆ.

ಈ ಹಿನ್ನೀರಿನ ಬೆಳಕಿನ ಪಾಠ ಬೇಕಾದವರು ಗಿರೀಶ ಕಾಸರವಳ್ಳಿಯವರ ‘ದ್ವೀಪ’ ನೋಡಬೇಕು. ಸಾಗರದಲ್ಲೇ ಬದುಕಿ ಬರೆದ ನಾ. ಡಿಸೋಜ ಅವರ ಕಾದಂಬರಿಯನ್ನು ಆಧರಿಸಿದ ಆ ಚಿತ್ರಕ್ಕೆ ಎಚ್.ಎಂ. ರಾಮಚಂದ್ರ ಕ್ಯಾಮೆರಾ ಹಿಡಿದಿದ್ದರು. ಛಾಯಾಗ್ರಹಣಕ್ಕೂ ರಾಷ್ಟ್ರಪ್ರಶಸ್ತಿ ಬಂತು. ಅದರಲ್ಲಿ ಮೋಡದ ಬೂದು ಇದೆ, ನೆನೆದ ಮಣ್ಣಿನ ಕಂದು ಇದೆ, ಹಸಿರು ಕತ್ತಲೆಯ ಅಂಚಿಗೆ ಸರಿದು ಕೂತಿದೆ. ಮಳೆಗಾಲವನ್ನು ಚೆಂದ ಮಾಡಲು ಯಾರೂ ಹೆಣಗಿಲ್ಲ.

ಹೊಳೆಬಾಗಿಲಿನಲ್ಲಿ ನಮಗೆ ಚಿನ್ನದಂಥ ಬೆಳಕು ಸಿಕ್ಕಿದ್ದು ಅರ್ಧ ಗಂಟೆಗೂ ಕಡಿಮೆ. ಹುಡುಗ ಪುಸ್ತಕದಲ್ಲಿ ಓದಿದ ‘ಗೋಲ್ಡನ್ ಅವರ್’ ಲೆಕ್ಕ ಹಾಕಿಕೊಂಡು ಟ್ರೈಪಾಡ್ ಬಿಚ್ಚಿ, ಲೆನ್ಸ್ ಒರೆಸಿ, ನೀರು ಕುಡಿದು ಬರುವಷ್ಟರಲ್ಲಿ ಬಿಸಿಲು ಬೆಳ್ಳಗಾಗಿತ್ತು. ಅವನ ದೋಷವಲ್ಲ. ಆ ಪುಸ್ತಕಗಳು ಲಂಡನ್, ನ್ಯೂಯಾರ್ಕಿನ ಆಕಾಶಕ್ಕೆ ಬರೆದವು. ಅಕ್ಟೋಬರಿನ ಮಧ್ಯದಲ್ಲಿ ಲಂಡನ್ನಿನ ಸೂರ್ಯ ನಡುಮಧ್ಯಾಹ್ನವೂ ಮೂವತ್ತು ಡಿಗ್ರಿಯ ಆಚೀಚೆಯೇ ತೆವಳುತ್ತಾನೆ, ಓರೆಬೆಳಕು ಇಡೀ ದಿನ ಸಿಗುತ್ತದೆ. ಸಾಗರ ಇರುವುದು 14 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ನೇರವಾಗಿ ಏರುತ್ತಾನೆ, ಗಂಟೆಗೆ ಹದಿನಾಲ್ಕು ಡಿಗ್ರಿಯ ಮೇಲೆ. ಮಧ್ಯಾಹ್ನಕ್ಕೆ ಅರವತ್ತೈದು ದಾಟಿ ನೆತ್ತಿಯ ಹತ್ತಿರ. ಹೀಗಾಗಿ ಮಲೆನಾಡಿನ ಶರದೃತುವನ್ನು ಚಿನ್ನದ ಬೆಳಕಿನಲ್ಲೇ ಹಿಡಿಯುತ್ತೇನೆಂದು ಹಟ ಹಿಡಿಯಬಾರದು. ಇಲ್ಲಿಯ ಬೆಳಕು ಮಂಜಿನದು, ಮೋಡದ್ದು, ಸಂಜೆಯ ಮಳೆ ಬಿಟ್ಟ ಮೇಲಿನದು.

ಸೇತುವೆಯ ಸದ್ದು ಕೇಳಿಸದಷ್ಟು ದೂರ ಬಂದು ಒಂದು ಕಾನಿನ ಅಂಚು ಹಿಡಿದೆವು. ಕಾಡಿನ ಚಿತ್ರ ತೆಗೆಯುವುದು ಕಷ್ಟ ಎಂದು ಎಲ್ಲರೂ ಹೇಳುತ್ತಾರೆ, ಯಾಕೆ ಎಂದು ಕೇಳಿದರೆ ಕತ್ತಲೆ ಎನ್ನುತ್ತಾರೆ. ಕತ್ತಲೆಗೆ ಟ್ರೈಪಾಡ್ ಇದೆ. ನಿಜವಾದ ತೊಂದರೆ ಜನಸಂದಣಿ. ಬಳ್ಳಿ, ಬೆತ್ತ, ಒಣಗೊಂಬೆ, ಕಾಲಡಿಯ ಕುರುಚಲು ಎಲ್ಲ ಒಟ್ಟಿಗೆ ಮಾತಾಡುತ್ತವೆ. ಕಣ್ಣು ಮೂರು ಆಯಾಮದಲ್ಲಿ ನೋಡಿ ಹತ್ತಿರದ್ದು ಯಾವುದು, ದೂರದ್ದು ಯಾವುದು ಎಂದು ತಾನೇ ಬಿಡಿಸಿಕೊಳ್ಳುತ್ತದೆ. ಲೆನ್ಸು ಅಷ್ಟನ್ನೂ ಒಂದೇ ಹಾಳೆಗೆ ಬಡಿದುಬಿಡುತ್ತದೆ. ಆದ್ದರಿಂದ ನಾನು ಕಾಡಿನ ಮಧ್ಯೆ ನಿಲ್ಲುವುದಿಲ್ಲ. ಅಂಚಿನಲ್ಲಿ, ಗದ್ದೆಗೂ ಕಾನಿಗೂ ನಡುವಿನ ಅಗಳದ ದಂಡೆಯ ಮೇಲೆ ನಿಂತು ಒಂದೇ ಒಂದು ಬೊಡ್ಡೆಯನ್ನು ಹುಡುಕುತ್ತೇನೆ.

ಆ ಬೊಡ್ಡೆ ಹೆಚ್ಚಾಗಿ ನಂದಿಯದೇ ಆಗಿರುತ್ತದೆ. ಸುತ್ತ ಎಷ್ಟೇ ಹಸಿರು ಗಿಜಿಗುಡಲಿ, ನಂದಿಯ ಬಿಳಿಚು ನುಣುಪು ಕಾಂಡ ತಾನೊಂದೇ ನೆಟ್ಟಗೆ ಮೇಲೆದ್ದಿರುತ್ತದೆ. ಅಂದು ಸಿಕ್ಕ ಮರದ ಸಿಪ್ಪೆ ಅಲ್ಲಲ್ಲಿ ತೆಳ್ಳಗೆ ಎದ್ದು, ಒಳಗಿನ ಕಿತ್ತಳೆಗಂದು ಮೈ ಇಣುಕುತ್ತಿತ್ತು. ಎದೆಮಟ್ಟದವರೆಗೆ ಪಾಚಿ, ಪಾಚಿಯಲ್ಲಿ ಹೆಬ್ಬೆರಳಿನಷ್ಟು ಎತ್ತರದ ಜರಿ, ಜರಿಯ ತುದಿಯಲ್ಲಿ ನಿಂತ ಹನಿಯೊಳಗೆ ತಲೆಕೆಳಗಾದ ಗದ್ದೆ. ಪಕ್ಕದಲ್ಲಿ ಒಂದು ಮತ್ತಿ, ಚೌಕ ಚೌಕವಾಗಿ ಬಿರಿದ ಕಪ್ಪು ತೊಗಟೆ. ಬಿಳಿಯ ಹಿಂದೆ ಕಪ್ಪು, ಕಪ್ಪಿನ ಹಿಂದೆ ಮಂಜು. ಇಷ್ಟು ಸಾಕು. ಆಕಾಶವನ್ನು ಚೌಕಟ್ಟಿನಿಂದ ಪೂರ್ತಿ ಹೊರಗಿಟ್ಟೆ. ಎಲೆಗಳ ಸಂದಿಯಲ್ಲಿ ಒಂದು ಬಿಳಿ ತೂತು ಉಳಿದರೂ ನೋಡುವವರ ಕಣ್ಣು ಹೋಗುವುದು ಅಲ್ಲಿಗೇ. ಇಂಬಳ ಕಾಲಿಗೆ ಹತ್ತಿದ್ದು ಗೊತ್ತಾಗಿದ್ದು ಆಮೇಲೆ. ಸುಣ್ಣ ತಂಬಾಕಿನ ಪೊಟ್ಟಣ ಇಲ್ಲದೆ ಟ್ರೈಪಾಡ್ ಮಾತ್ರ ಹೊತ್ತು ಬರುವವರ ಗ್ರಹಚಾರ ಇದು.

ಕಾಡಿನ ವರ್ಣಚಿತ್ರಕ್ಕೆ ನಾನು ಗುರುವೆಂದುಕೊಂಡವನು ಅಮೆರಿಕದ ಎಲಿಯಟ್ ಪೋರ್ಟರ್. ವೈದ್ಯಶಾಸ್ತ್ರ ಓದಿ, ಹಾರ್ವರ್ಡಿನಲ್ಲಿ ಪಾಠ ಹೇಳಿ, ಆಮೇಲೆ ಕ್ಯಾಮೆರಾಕ್ಕೆ ಬಂದವನು. ನಿಸರ್ಗದ ಗಂಭೀರ ಚಿತ್ರವೆಂದರೆ ಆನ್ಸೆಲ್ ಆಡಮ್ಸನ ಕಪ್ಪು ಬಿಳುಪು ಬೆಟ್ಟಗಳೇ ಎಂದು ಜನ ನಂಬಿದ್ದ ಕಾಲದಲ್ಲಿ, 1962ರಲ್ಲಿ, ಪೋರ್ಟರನ ಬಣ್ಣದ ಕಾಡುಗಳ ಪುಸ್ತಕ ಬಂತು. ಅವನು ಬಿಸಿಲಿಗಿಂತ ನೆರಳನ್ನು ನಂಬಿದ. ದಿಗಂತ ಬಿಟ್ಟು ಹತ್ತು ಅಡಿ ದೂರದ ಬೊಡ್ಡೆ, ಬಂಡೆ, ಬಿದ್ದ ಎಲೆಗಳ ಕಡೆ ತಿರುಗಿದ. ಅವನ ಎಲೆಗಳು ಕೆಂಪು, ನಮ್ಮವು ಹಸಿರು. ಕಲಿಯಬೇಕಾದ್ದು ಎಲೆಯ ಬಣ್ಣವನ್ನಲ್ಲ, ನಿಲ್ಲುವ ದೂರವನ್ನು.

ಸಾಗರ ಬಿಡುವ ಮುಂಚೆ ಭೂಮಿ ಹುಣ್ಣಿಮೆ ಬಂತು. ಬಸಿರಿಯಾದ ಭೂಮಿಗೆ ಬಯಕೆ ತೀರಿಸುವ ಹಬ್ಬ. ದೀವರ ಸಮುದಾಯದ ಮನೆಗಳಲ್ಲಿ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಪುಂಡಿನಾರಿನ ಕುಂಚ, ಕೂದಲೆಳೆಯಂಥ ಗೆರೆ. ಕಪ್ಪಿಗೆ ಹುರಿದು ಕರಿಕಾದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಇರುವ ನಾಲ್ಕು ಬಣ್ಣವೂ ಕೈಗೆಟುಕುವಷ್ಟು ಹತ್ತಿರದಿಂದ ಬಂದದ್ದು. ಒಂದು ಮನೆಯಲ್ಲಿ ಬರೆಯುತ್ತಿದ್ದ ಹೆಂಗಸು ತಲೆಯೆತ್ತದೆ ನಮ್ಮ ಹುಡುಗನನ್ನು ಕೇಳಿದರು: ‘ನಿನ್ನ ಡಬ್ಬೀಲಿ ಎಷ್ಟು ಬಣ್ಣ ಉಂಟು?’ ಕೋಟಿಗಟ್ಟಲೆ ಇವೆ ಎಂದ. ‘ಅಷ್ಟೆಲ್ಲ ಎಂತಕ್ಕೆ?’ ಎಂದು ಗೆರೆ ಮುಂದುವರಿಸಿದರು.

ಹೊಸನಗರದ ದಾರಿಯಲ್ಲಿ ಅವನು ಪದೇ ಪದೇ ಕಾರು ನಿಲ್ಲಿಸಲು ಹೇಳಿದ್ದು ಅಕೇಶಿಯಾ ತೋಪುಗಳ ಎದುರು. ಸಾಲಾಗಿ ನೆಟ್ಟ ಸಮಾನ ದಪ್ಪದ ಕಾಂಡಗಳು, ನಡುವೆ ಖಾಲಿ ನೆಲ, ಅದರೊಳಗೆ ಮಂಜು. ಚೌಕಟ್ಟು ತಾನಾಗಿಯೇ ಕೂರುತ್ತದೆ, ಹಾಗಾಗಿಯೇ ‘ಮಲೆನಾಡಿನ ಕಾಡು’ ಎಂದು ಹಂಚಿಕೆಯಾಗುವ ಚಿತ್ರಗಳಲ್ಲಿ ಇಂಥವೇ ಎಷ್ಟೋ. ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್‌ನ ಕಾಗದದ ತಿರುಳಿಗೆಂದು ಈ ಜಿಲ್ಲೆಯ ಗುಡ್ಡಗಳಲ್ಲಿ ಇವನ್ನು ಎಬ್ಬಿಸಲಾಯಿತು. ಆಸ್ಟ್ರೇಲಿಯಾ ಕಡೆಯ ಮರ, ಅಡಿಯಲ್ಲಿ ಹುಲ್ಲೂ ಸರಿಯಾಗಿ ಏಳದು. ಚಿತ್ರ ಚೆನ್ನಾಗಿ ಬರುತ್ತದೆ ಎಂಬುದು ಅದು ಕಾಡು ಎನ್ನುವುದಕ್ಕೆ ಸಾಕ್ಷಿಯಾಗದು. ತೆಗೆಯುವವರು ತೆಗೆಯಲಿ, ಕೆಳಗೆ ‘ನೆಡುತೋಪು’ ಎಂದು ಬರೆದರಾಯಿತು.

ನಗರ ಎಂಬ ಊರಿನ ಕೋಟೆಯನ್ನು ಬೇಗ ದಾಟಿದೆವು. ಕೆಳದಿ ಅರಸರ ರಾಜಧಾನಿ, 1763ರಲ್ಲಿ ಹೈದರಾಲಿಯ ವಶವಾದದ್ದು, ಶಾಲೆಯ ಮಕ್ಕಳಿಗೂ ಗೊತ್ತು. ಹೆಚ್ಚು ಹೊತ್ತು ಕಳೆದದ್ದು ದೇವಗಂಗೆಯ ಕೊಳಗಳ ಬಳಿ. ಗುಡ್ಡದ ಒರತೆಯ ನೀರು ಕಲ್ಲುಕಟ್ಟಿದ ಕೊಳಗಳಿಗೆ ಹರಿದು ಬರುತ್ತದೆ, ಸುತ್ತ ಕಾಡು ಬಗ್ಗಿ ನೋಡುತ್ತಿರುತ್ತದೆ. ಪೋಲರೈಸರ್ ಎಂಬ ಫಿಲ್ಟರಿನ ಆಟ ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಲೆನ್ಸಿನ ಮುಂದೆ ಅದನ್ನು ತಿರುಗಿಸಿದರೆ ನೀರಿನ ಮೇಲಿನ ಆಕಾಶದ ಬಿಳಿ ಅಳಿಸಿ ತಳದ ಕಲ್ಲು ಕಾಣುತ್ತದೆ. ನೆನೆದ ಎಲೆಯ ಮೇಲಿನ ಹೊಳಪೂ ಹಾಗೆಯೇ ಹೋಗಿ ಒಳಗಿನ ಹಸಿರು ಏಳುತ್ತದೆ. ಬೆಲೆಯಾಗಿ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ತೆರಬೇಕು. ಷಟರ್ ಅಷ್ಟು ನಿಧಾನವಾದಾಗ ಗಾಳಿ ಒಂದು ಎಲೆಯನ್ನೂ ಅಲ್ಲಾಡಿಸಬಾರದು. ಹುಡುಗ ಪೂರ್ತಿ ತಿರುಗಿಸಿ ಹೊಳಪನ್ನೆಲ್ಲ ಒರೆಸಿಹಾಕಿದ. ನಾನಾದರೆ ಅರ್ಧಕ್ಕೆ ನಿಲ್ಲಿಸುತ್ತೇನೆ. ಎಲೆಯ ಮೇಲೆ ಒಂಚೂರು ಬಿಳಿ ಮಿಂಚು ಉಳಿಯದಿದ್ದರೆ ನಿನ್ನೆ ಸಂಜೆ ಮಳೆ ಬಂದದ್ದು ಚಿತ್ರದಲ್ಲಿ ಎಲ್ಲಿ ಗೊತ್ತಾಗಬೇಕು?

ಆ ರಾತ್ರಿ ಉಳಿದದ್ದು ನಗರದ ಹತ್ತಿರದ ಒಬ್ಬ ಅಡಿಕೆ ಬೆಳೆಗಾರರ ಮನೆಯಲ್ಲಿ. ಮೊದಲ ಕೊಯ್ಲು ಶುರುವಾಗಿತ್ತು. ಅಂಗಳದಲ್ಲಿ ಬಲ್ಬಿನ ಕೆಳಗೆ ಮೆಟ್ಟುಗತ್ತಿಗಳ ಮುಂದೆ ಸುಲಿಯುವವರ ಸಾಲು, ಹಿತ್ತಿಲ ಒಲೆಯ ಮೇಲೆ ಹಂಡೆ. ಹಂಡೆಯೊಳಗೆ ಚೊಗರೆಂಬ ಅಡಿಕೆಯ ಕಷಾಯದಲ್ಲಿ ಕುದಿಯುವ ಅಡಿಕೆ ಕೆಂಪೇರುತ್ತಿತ್ತು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶರದೃತುವಿನಲ್ಲಿ ನಿಜವಾದ ಕೆಂಪು ನೋಡಬೇಕೆಂದರೆ ಇಲ್ಲೇ ನೋಡಬೇಕು, ಮಾರನೆಯ ಬೆಳಿಗ್ಗೆ ತಟ್ಟಿಯ ಮೇಲೆ ಹರವಿದ ಹಸಿಬಿಸಿ ಅಡಿಕೆಯಲ್ಲಿ. ಚೊಗರು ತೆಳುವಾದರೆ ಬಣ್ಣ ಕಚ್ಚುವುದಿಲ್ಲ, ದಪ್ಪವಾದರೆ ಕಪ್ಪಾಗುತ್ತದೆ, ಪೇಟೆಯಲ್ಲಿ ದರ ಕೇಳುವವರಿಲ್ಲ. ಕ್ಯಾಮೆರಾದ ರಾ ಫೈಲ್ ಕೂಡ ಸುಲಿದಿಟ್ಟ ಹಸಿ ಅಡಿಕೆಯೇ. ಬೇಯಿಸದೆ ಯಾರಿಗೂ ಕೊಡಲಾಗದು, ಎಷ್ಟು ಬೇಯಿಸಬೇಕೆಂಬುದೇ ಕಸುಬು.

ಹುಡುಗ ಜಗಲಿಯ ಮೇಲೆ ಲ್ಯಾಪ್‌ಟಾಪ್ ತೆರೆದು ಸಂಜೆ ತೆಗೆದ ಕಣಿವೆಯ ಚಿತ್ರಕ್ಕೆ ತನ್ನ ‘ಆಟಮ್’ ಹಚ್ಚಿದ. ಆ ಪ್ರಿಸೆಟ್ಟಿನ ಕೆಲಸ ಸರಳ: ಹಸಿರಿನ ಛಾಯೆಯನ್ನು ಹಳದಿಗೆ, ಹಳದಿಯನ್ನು ಕಿತ್ತಳೆಗೆ ತಳ್ಳುವುದು. ಒಂದು ಕ್ಷಣದಲ್ಲಿ ಕಾಡು ವರ್ಮಾಂಟ್ ಆಯಿತು, ಅದರ ಕೆಳಗಿನ ಅಡಿಕೆ ತೋಟವೂ ಹಳದಿಯಾಯಿತು. ಕಾಫಿ ಲೋಟ ಹಿಡಿದು ಬಂದ ಯಜಮಾನರು ಪರದೆ ನೋಡಿ ನಿಂತರು. ‘ಇದು ಯಾವ ಊರಿನ ತೋಟ ಮಾರಾಯ್ರೇ? ಎಲೆಚುಕ್ಕಿ ಇಷ್ಟು ಜೋರಾ ಅಲ್ಲಿ?’

ನಿಮ್ಮದೇ ಕಣಿವೆ ಎಂದು ಹೇಳಲು ಹುಡುಗನಿಗೆ ಬಾಯಿ ಬರಲಿಲ್ಲ. ಎಲೆಚುಕ್ಕಿ ಶಿಲೀಂಧ್ರದ ರೋಗ. ಸೋಗೆಯ ಮೇಲೆ ಕಂದು ಚುಕ್ಕೆ, ಚುಕ್ಕೆಯ ಸುತ್ತ ಹಳದಿ, ಆಮೇಲೆ ಇಡೀ ಸೋಗೆ ಒಣಗಿ ಜೋತು ಬೀಳುತ್ತದೆ. ಈಚಿನ ವರ್ಷಗಳಲ್ಲಿ ನಗರ, ತೀರ್ಥಹಳ್ಳಿ, ಸಾಗರದ ಕಡೆ ತೋಟಗಳನ್ನೇ ನುಂಗಿದೆ. ಅದಕ್ಕೂ ಮುಂಚಿನಿಂದ ಶೃಂಗೇರಿ, ಕೊಪ್ಪದ ಕಡೆಯ ಹಳದಿ ಎಲೆ ರೋಗ ಇದ್ದೇ ಇದೆ. ಹಳದಿ ತಿರುಗಿದ ಮರ ನೋಡಿ ಮಲೆನಾಡಿನ ಬೆಳೆಗಾರನಿಗೆ ನೆನಪಾಗುವುದು ಔಷಧಿ ಖರ್ಚು, ಸೊಸೈಟಿ ಸಾಲ. ಬಣ್ಣಕ್ಕೆ ತನ್ನದೇ ಸೌಂದರ್ಯವಿದೆ, ಅದಕ್ಕೆ ಊರು ಕೇರಿ ಇಲ್ಲ ಎನ್ನುವವರು ಒಂದು ಕೊಯ್ಲಿನ ಕಾಲದಲ್ಲಿ ಇಲ್ಲಿ ಬಂದು ಕೂರಬೇಕು.

ಯಜಮಾನರು ಒಳಗೆ ಹೋದ ಮೇಲೆ ಅದೇ ಫೈಲನ್ನು ಮತ್ತೆ ಮೊದಲಿನಿಂದ ಬೇಯಿಸಿದೆವು. ಡಿಜಿಟಲ್ ಕ್ಯಾಮೆರಾದಲ್ಲಿ ಒಂದು ವಿಚಿತ್ರವಿದೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಂತೆ ಸೆನ್ಸರಿನ ಪ್ರತಿ ನಾಲ್ಕು ಬಿಂದುಗಳಲ್ಲಿ ಎರಡು ಹಸಿರಿಗೆ, ಒಂದು ಕೆಂಪಿಗೆ, ಒಂದು ನೀಲಿಗೆ. ಮನುಷ್ಯನ ಕಣ್ಣು ಹಸಿರಿಗೇ ಹೆಚ್ಚು ಚುರುಕಾದ್ದರಿಂದ ಹಾಗೆ. ಅಷ್ಟಿದ್ದೂ ಕಾಡಿನ ಚಿತ್ರದಲ್ಲಿ ಮೊದಲು ಸೋಲುವುದು ಹಸಿರೇ, ಎಲ್ಲ ಕಲಸಿ ಒಂದೇ ಆಗುತ್ತದೆ. ತಂತಾನೇ ವೈಟ್ ಬ್ಯಾಲೆನ್ಸ್ ಮಾಡುವ ಕ್ಯಾಮೆರಾ ‘ಇಷ್ಟು ಹಸಿರು ಇರಲಿಕ್ಕಿಲ್ಲ’ ಎಂದು ತೀರ್ಮಾನಿಸಿ ಮೇಲಿಂದ ನೇರಳೆಗೆಂಪು ಬೆರೆಸುವುದೂ ಉಂಟು. ವೈಟ್ ಬ್ಯಾಲೆನ್ಸನ್ನು ಹಗಲು ಬೆಳಕಿಗೆ, ಐದು ಸಾವಿರದಿಂದ ಐದೂವರೆ ಸಾವಿರ ಕೆಲ್ವಿನ್ ನಡುವೆ ಕಟ್ಟಿಹಾಕಿದೆವು. ನೆರಳಿನ ನೀಲಿ ನೀಲಿಯಾಗಿಯೇ ಉಳಿಯಿತು. ಸ್ಯಾಚುರೇಶನ್ ಏರಿಸದೆ ತುಸು ಇಳಿಸಿದೆವು. ಆಮೇಲೆ ಹಸಿರುಗಳನ್ನು ಬಿಡಿಸುವ ಕೆಲಸ: ಬಾಳೆಯ ತಿಳಿಹಸಿರು, ಭತ್ತದ ಹೊಂಬಣ್ಣಕ್ಕೆ ತಿರುಗಿದ ಹಸಿರು, ಹಲಸಿನ ಕಡುಹಸಿರು, ಕಾನಿನ ಕಪ್ಪು ಹಸಿರು. ಒಂದೊಂದರ ಹೊಳಪನ್ನು ಬೇರೆ ಬೇರೆ ಇಳಿಸಿ ಏರಿಸಿದಾಗ ಕಣಿವೆಗೆ ಆಳ ಬಂತು. ಮಂಜನ್ನು ಮುಟ್ಟಲಿಲ್ಲ. ಡೀಹೇಜ್ ಎಂಬ ಗುಂಡಿಯನ್ನು ಬಲಕ್ಕೆ ಎಳೆಯುವುದೆಂದರೆ, ಮಂಜು ನೋಡಲು ನೂರಾರು ಮೈಲಿ ಬಂದು ಅದನ್ನೇ ಗುಡಿಸಿ ಹಾಕುವುದು. ಕೆಂಪೂ ಸಿಕ್ಕಿತು: ಮಳೆ ನಿಂತ ಮೇಲೆ ಚಿಗುರಿದ ಮಾವಿನ ಮರವೊಂದರ ತಾಮ್ರದ ಬಣ್ಣ, ಮೂಲೆಯಲ್ಲಿ. ಪ್ರಿಸೆಟ್ ಹಚ್ಚಿದಾಗ ಅದು ಕಾಣದೇ ಹೋಗಿತ್ತು.

ಕೊಡಚಾದ್ರಿಗೆ ನಿಟ್ಟೂರಿನ ಕಡೆಯಿಂದ ಜೀಪಿನಲ್ಲಿ ಹತ್ತಿದೆವು. ಆ ರಸ್ತೆಯ ಬಗ್ಗೆ ಹೇಳದಿರುವುದೇ ಲೇಸು, ಸೊಂಟ ಈಗಲೂ ಹೇಳುತ್ತದೆ. 1343 ಮೀಟರ್ ಎತ್ತರದ ನೆತ್ತಿಯಲ್ಲಿ ಸರ್ವಜ್ಞಪೀಠದ ಕಲ್ಲುಗುಡಿಯ ಸುತ್ತ ಎಲ್ಲರೂ ಸೂರ್ಯಾಸ್ತಕ್ಕೆ ಕಾದಿದ್ದರು. ನಾವು ಉದ್ದ ಲೆನ್ಸ್ ಹಾಕಿ ಕೆಳಗೆ ನೋಡಿದೆವು. ಬೆನ್ನಿನ ಮೇಲೆ ಹುಲ್ಲು, ಮಡಿಕೆಗಳಲ್ಲಿ ಶೋಲೆ ಕಾಡು. ಹುಲ್ಲು ಅದಾಗಲೇ ಹಸಿರು ಬಿಟ್ಟು ಹೊನ್ನಿನ ಕಡೆ ಹೊರಟಿತ್ತು. ಓರೆ ಬಿಸಿಲು ಬಿದ್ದಾಗ ಅಂಚು ಹೊಳೆದು, ಮಡಿಕೆಯ ಕಾಡು ನೆರಳಿಗೆ ಸರಿದು, ಎರಡರ ನಡುವೆ ಕೈಯಲ್ಲಿ ಎಳೆದಂಥ ಗೆರೆ ನಿಂತಿತು. ಮಲೆನಾಡಿನ ಶರದೃತುವಿಗೆ ಹಳದಿ ಬೇಕೇ ಬೇಕು ಎನ್ನುವವರಿಗೆ ಇದು ಅಪ್ಪಟ ಹಳದಿ.

ತೀರ್ಥಹಳ್ಳಿಯಲ್ಲಿ ತುಂಗೆ ಇನ್ನೂ ಕೆಂಪಾಗಿಯೇ ಹರಿಯುತ್ತಿದ್ದಳು. ಕುಪ್ಪಳಿಯ ಕವಿಶೈಲಕ್ಕೆ ಬೆಳಿಗ್ಗೆ ಬೇಗ ಹೋದೆವು. ಕುವೆಂಪು ಕೂತು ನೋಡುತ್ತಿದ್ದ ಬಂಡೆಯಿಂದ ಪಡುವಣದ ಮಲೆಗಳು ಅಲೆಯಲೆಯಾಗಿ ಕಾಣುತ್ತವೆ, ನೋಟ ದೊಡ್ಡದು. ಹಾಗೆಂದೇ ಚಿತ್ರ ಮಾಡಲು ಕಷ್ಟ. ಅಗಲ ಲೆನ್ಸಿನಲ್ಲಿ ಬೆಟ್ಟಗಳು ಚಪ್ಪಟೆ ಗೀರುಗಳಾಗುತ್ತವೆ. ಉದ್ದ ಲೆನ್ಸಿನಲ್ಲಿ ಮೂರೇ ಮೂರು ಪದರ ಆಯ್ದುಕೊಂಡು, ಹತ್ತಿರದ್ದರಲ್ಲಿ ಮಾತ್ರ ಮರಗಳ ತಲೆ ಬಿಡಿಬಿಡಿಯಾಗಿ ಕಾಣುವಂತೆ ಇಟ್ಟುಕೊಂಡರೆ ಆ ಎತ್ತರದ ಒಂದಂಶ ಸಿಗುತ್ತದೆ. ಉಳಿದದ್ದು ಬಂಡೆಯ ಮೇಲೆ ಕೂತವರಿಗೆ ಮಾತ್ರ.

ಆಗುಂಬೆಯಲ್ಲಿ ಇನ್ನೊಂದು ಉಪಾಯ ಕೆಲಸಕ್ಕೆ ಬಂತು. ಸೂರ್ಯಾಸ್ತದ ಕಟ್ಟೆಯ ಮೇಲೆ ಜನ ಕಿಕ್ಕಿರಿದು ಪಡುವಣಕ್ಕೆ ಮೊಬೈಲ್ ಎತ್ತಿದ್ದಾಗ ಬೆನ್ನು ತಿರುಗಿಸಿ ನಿಂತೆವು. ಮುಳುಗುವ ಸೂರ್ಯನ ಬೆಳಕು ಘಟ್ಟದ ಕಾಡಿನ ಮೇಲೆ ನೇರ ಬಿದ್ದಿತ್ತು. ಒಂದು ಮರದ ತಲೆ ಹೊತ್ತಿ, ಪಕ್ಕದ್ದು ಆರಿ, ಹಿಂದಿನದು ನೀಲಿ. ಇದು ಕೆಲವೇ ನಿಮಿಷದ ಮಾತು. ಕೆಂಪು ಚಾನೆಲ್ ಮೊದಲು ತುಂಬಿ ಹರಿಯುವುದರಿಂದ ಹಿಸ್ಟೋಗ್ರಾಮಿನ ಕೆಂಪು ಗೆರೆ ನೋಡಿಕೊಂಡು ಎಕ್ಸ್‌ಪೋಶರ್ ಅರ್ಧ ಸ್ಟಾಪ್ ತಗ್ಗಿಸಬೇಕು. ಸುಟ್ಟುಹೋದ ಕೆಂಪನ್ನು ಯಾವ ಸಾಫ್ಟ್‌ವೇರೂ ಮರಳಿ ತರಲಾರದು. ಹುಡುಗ ತೆಗೆದದ್ದು ನನ್ನದಕ್ಕಿಂತ ಚೆನ್ನಾಗಿತ್ತು, ಅದನ್ನು ಅವನು ಹಾಗೆಯೇ ಬಿಟ್ಟ.

ಕ್ಯಾಮೆರಾ ಹಿಡಿದು ಹೊರಡುವವರಿಗೆ ಒಂದೆರಡು ಮಾತು. ಕೆಂಪು ಕಾಡೇ ಬೇಕೆಂದರೆ ಅಕ್ಟೋಬರಿನಲ್ಲಿ ಬರಬೇಡಿ, ಶಿವರಾತ್ರಿಯ ಆಸುಪಾಸಿನಲ್ಲಿ ಬಂದು ಸಾಗಡೆ ಮರ ಎಲ್ಲಿದೆ ಎಂದು ಊರವರನ್ನು ಕೇಳಿ. ಅಕ್ಟೋಬರಿನಲ್ಲೇ ಬರುವಿರಾದರೆ ಪ್ರಿಸೆಟ್‌ಗಳನ್ನು ಮನೆಯಲ್ಲಿ ಬಿಟ್ಟು ಬನ್ನಿ. ಅಭಯಾರಣ್ಯದ ಒಳಗೆ ಹೋಗಲು, ಡ್ರೋನ್ ಹಾರಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ತೋಟದ ಅಂಚಿನಲ್ಲಿ ಟ್ರೈಪಾಡ್ ನೆಡುವ ಮುಂಚೆ ಮನೆಯವರನ್ನು ಒಂದು ಮಾತು ಕೇಳಿ. ತೆಗೆದ ಚಿತ್ರವನ್ನು ಹೊರಡುವ ಮುನ್ನ ಅವರಿಗೂ ತೋರಿಸಿ. ತಮ್ಮ ಕಾಡು ಹೌದೋ ಅಲ್ಲವೋ ಎಂದು ಅವರೇ ಹೇಳುತ್ತಾರೆ.